ಚುಕ್ಕಾಣಿಯೂ ಯಂತ್ರವೂ

ನಾವೆಯನ್ನು ಮುಂದಕ್ಕೆ ಒಯ್ಯುವುದು ಒಂದು ಕಾರ್ಯ. ಅದನ್ನು ಬೇಕಾದ ದಿಕ್ಕಿಗೆ ತಿರುಗಿಸುವುದು ಇನ್ನೊಂದು ಕಾರ್ಯ. ಈ ಭೇದವನ್ನು ನಮ್ಮ ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ನೌಕಾದಂಡ, ಕ್ಷೇಪಣೀ ಎಂಬ ಹೆಸರುಗಳನ್ನೂ, ಅರಿತ್ರ, ಕೇನಿಪಾತಕ ಎಂಬ ಹೆಸರುಗಳನ್ನೂ ಹೇಳಿರುವನು. ವ್ಯಾಖ್ಯಾನಕಾರರು ಮೊದಲನೆಯ ಜೋಡಿಯನ್ನು ಹುಟ್ಟಿಗೂ ಎರಡನೆಯದನ್ನು ಚುಕ್ಕಾಣಿಗೂ ಅನ್ವಯಿಸುತ್ತಾರೆ. ಚುಕ್ಕಾಣಿಗೆ ಕರ್ಣವೆಂಬ ಹೆಸರೂ ಉಂಟು. ಅದನ್ನು ಹಿಡಿದವನೇ ಕರ್ಣಧಾರ. ಹುಟ್ಟು ಹಾಕುವವರು ಎಷ್ಟು ಮಂದಿಯಾದರೂ ಇರಬಹುದು, ಕರ್ಣಧಾರನು ಒಬ್ಬನೇ. ನಾವು ಇಂದು ಆಡುವ ‘ಚುಕ್ಕಾಣಿ’ ಎಂಬ ಶಬ್ದವಾದರೋ ಅರಬ್ಬೀ ಭಾಷೆಯ ‘ಸುಕ್ಕಾನ್’ ಎಂಬುದರಿಂದ ಬಂದುದು. ಪಡುಗಡಲಿನ ವ್ಯಾಪಾರವು ನಮಗೆ ಖರ್ಜೂರವನ್ನೂ ಕುದುರೆಯನ್ನೂ ತಂದಂತೆ ಈ ಮಾತನ್ನೂ ತಂದಿತು.

ಮೊದಮೊದಲು ಚುಕ್ಕಾಣಿಯು ಬೇರೊಂದು ಸಾಧನವಾಗಿರಲಿಲ್ಲ. ದೋಣಿಯ ಹಿಂಭಾಗದಲ್ಲಿ ಪಕ್ಕಕ್ಕೆ ಹಿಡಿದ ದೊಡ್ಡ ಹುಟ್ಟೇ ಚುಕ್ಕಾಣಿ. ಪ್ರಾಚೀನ ಈಜಿಪ್ಟಿನ ಚಿತ್ರಗಳಲ್ಲಿ ಕಾಣುವುದು ಇಂತಹುದೇ. ಜಾವಾ ದ್ವೀಪದ ಬೊರೊಬುದೂರ್ ಸ್ತೂಪದ ಶಿಲ್ಪಗಳಲ್ಲಿರುವ ಹಡಗುಗಳಿಗೂ ಪಾರ್ಶ್ವದಲ್ಲಿಯೇ ಚುಕ್ಕಾಣಿ. ಇಂಗ್ಲಿಷಿನಲ್ಲಿ ಹಡಗಿನ ಬಲಭಾಗವನ್ನು ‘ಸ್ಟಾರ್‌ಬೋರ್ಡ್’ ಎನ್ನುವುದು, ಆ ಪಾರ್ಶ್ವದಿಂದ ಹಡಗನ್ನು ನಡೆಸುತ್ತಿದ್ದರೆಂಬುದರ ಉಳಿದ ಗುರುತು. ಹಿಂಬದಿಯ ನಡುವಿನಲ್ಲಿ ಚುಕ್ಕಾಣಿಯನ್ನು ಇಡುವ ಕ್ರಮವು ಚೀನದಲ್ಲಿ ಬಹು ಹಿಂದೆಯೇ ಇದ್ದಿತು. ಕ್ರಿಸ್ತಶಕದ ಆದಿಯ ಶತಮಾನಗಳಿಗೆ ಸೇರಿದ, ಕ್ವಾಂಗ್‌ಚೌ ನಗರದ ಗೋರಿಯೊಂದರಲ್ಲಿ ದೊರೆತ ಮಣ್ಣಿನ ದೋಣಿಯೇ ಅದಕ್ಕೆ ಸಾಕ್ಷಿ. ಯುರೋಪಿನಲ್ಲಿ ಹಿಂಗಂಬಕ್ಕೆ ಕೀಲಿಸಿದ ಚುಕ್ಕಾಣಿಯು ಸುಮಾರು 1180ರ ಶಿಲ್ಪಗಳಲ್ಲಿ ಕಾಣಿಸಿಕೊಳ್ಳುವುದು. ಸ್ಥಾನ ಬದಲಾದರೂ ಧರ್ಮ ಬದಲಾಗಲಿಲ್ಲ. ನೀರು ಹಲಗೆಯ ಮೇಲೆ ಹರಿದರೆ ಮಾತ್ರ ಚುಕ್ಕಾಣಿಗೆ ಬಲ. ದೋಣಿಯು ನಿಂತರೆ ಅದು ಬರಿಯ ಮರ. ನೂಕುವ ಶಕ್ತಿಯು ಹುಟ್ಟಿನಿಂದಲೋ ಹಾಯಿಯಿಂದಲೋ ಬರಬೇಕು.

ಈ ಎರಡು ಅಧಿಕಾರಗಳು ಒಂದೇ ಕೈಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. 1881ರಲ್ಲಿ ಗುಸ್ತಾವ್ ತ್ರೂವೇ ಎಂಬ ಫ್ರೆಂಚ್ ಶಿಲ್ಪಜ್ಞನು ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಒಂದು ಚಿಕ್ಕ ದೋಣಿಯನ್ನು ವಿದ್ಯುತ್ತಿನಿಂದ ನಡೆಸಿದನು. ಅವನು ಮಾಡಿದುದು ಇಷ್ಟೇ: ಚುಕ್ಕಾಣಿಯ ಹಲಗೆಯಲ್ಲಿಯೇ ತಿರುಗುವ ರೆಕ್ಕೆಯನ್ನು ಅಳವಡಿಸಿ, ಅದರ ತಲೆಯ ಮೇಲೆ ಯಂತ್ರವನ್ನು ಕೂರಿಸಿದನು. ಬೇಡವಾದಾಗ ಎಲ್ಲವನ್ನೂ ದೋಣಿಯಿಂದ ಎತ್ತಿಬಿಡಬಹುದಾಗಿತ್ತು. ಹೀಗೆ ಚುಕ್ಕಾಣಿಯೇ ನೂಕುವುದಕ್ಕೂ ತೊಡಗಿತು. ಅನಂತರ ಅಮೆರಿಕದ ಕ್ಯಾಮರಾನ್ ವಾಟರ್‌ಮನ್ ಎಂಬಾತನು 1905ರಲ್ಲಿ ಪೆಟ್ರೋಲಿನ ಯಂತ್ರವನ್ನು ದೋಣಿಯ ಹಿಂಬದಿಗೆ ತಗುಲಿಸಿ ಪರೀಕ್ಷಿಸಿದನು. ನಾರ್ವೆಯಲ್ಲಿ 1877ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದ ಓಲೆ ಎವಿನ್‌ರೂಡನು 1909ರಲ್ಲಿ ಮಿಲ್‌ವಾಕೀ ನಗರದಲ್ಲಿ ಅಂತಹ ಯಂತ್ರಗಳನ್ನು ಮಾರತೊಡಗಿದನು. ಒಂದೂವರೆ ಅಶ್ವಶಕ್ತಿಯ ಆ ಯಂತ್ರದ ತೂಕ 62 ಪೌಂಡು. ಒಬ್ಬನೇ ಎತ್ತಿ ದೋಣಿಗೆ ಕಟ್ಟಬಹುದಾದಷ್ಟು. ‘ಔಟ್‌ಬೋರ್ಡ್’ ಎಂಬ ಹೆಸರು ಲೋಕದಲ್ಲಿ ಹರಡಿದುದು ಇಂತಹ ಯಂತ್ರಗಳಿಂದಲೇ.

ನಮ್ಮ ಪಡುಗರೆಗೆ ಯಂತ್ರವು ಬಂದುದು ಬೇರೆ ದಾರಿಯಿಂದ. 1952ರಲ್ಲಿ ಒಪ್ಪಂದವಾದ ಭಾರತ-ನಾರ್ವೆ ಯೋಜನೆಯು ಕೊಲ್ಲಂ ಬಳಿಯ ನೀಂಡಕರದಲ್ಲಿ ನೆಲೆಗೊಂಡಿತು. 1960ರ ದಶಕದಲ್ಲಿ ಕಾರವಾರಕ್ಕೂ ಚಾಚಿತು. ನಾಡದೋಣಿಯ ಒಡಲಿನಲ್ಲಿ ಯಂತ್ರವನ್ನು ಕೂರಿಸುವ ಪ್ರಯತ್ನವು ಫಲಿಸದೆ, ಯಂತ್ರಕ್ಕೆ ತಕ್ಕ ಹೊಸ ದೋಣಿಗಳನ್ನೇ ಕಟ್ಟಬೇಕಾಯಿತು. ಆದುದರಿಂದ ಹಣವುಳ್ಳವನಿಗೆ ಯಂತ್ರ, ಇಲ್ಲದವನಿಗೆ ಹುಟ್ಟು ಎಂಬ ಭೇದವು ಕಡಲಿನಲ್ಲಿಯೂ ಹುಟ್ಟಿತು. ಕನ್ನಡ ಕರಾವಳಿಯಲ್ಲಿ ದಡದಿಂದ ಹತ್ತಾರು ಮಂದಿ ಸೇರಿ ಎಳೆಯುತ್ತಿದ್ದ ರಂಪಣಿಯ ಬಲೆಯು ಬಂಗುಡೆ, ಬೂತಾಯಿಗಳಿಂದ ಊರೂರನ್ನು ಪೋಷಿಸುತ್ತಿದ್ದಿತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದು ಮೀನಿನ ಹಿಂಡನ್ನು ಕಡಲಿನಲ್ಲಿಯೇ ಸುತ್ತುಗಟ್ಟಲು, ರಂಪಣಿಯು ಕೆಲವೇ ವರ್ಷಗಳಲ್ಲಿ ಕ್ಷೀಣಿಸಿತು. ಬಡ ಮೀನುಗಾರನು ಇನ್ನು ದೂರ ಹೋಗಲೇಬೇಕಾಯಿತು. ದೋಣಿಯನ್ನು ಒಡೆಯದೆ, ಹೊಸದಾಗಿ ಕಟ್ಟಿಸದೆ, ಇದ್ದ ನಾಡದೋಣಿಗೇ ತಗುಲಿಸಬಹುದಾದ ಔಟ್‌ಬೋರ್ಡ್ ಯಂತ್ರವು ಅವನಿಗೆ ಒದಗಿದುದು ಅನಂತರದ ದಶಕಗಳಲ್ಲಿ. ಪೆಟ್ರೋಲಿನಿಂದ ಹೊತ್ತಿಸಿ ಸೀಮೆಎಣ್ಣೆಯಿಂದ ನಡೆಸುವ ಈ ಯಂತ್ರವೇ ಅವನನ್ನು ಕಡಲಿನಲ್ಲಿ ಉಳಿಸಿತೆಂದರೆ ಅತಿಶಯೋಕ್ತಿಯಲ್ಲ.

ಇದನ್ನು ನಡೆಸುವ ಬಗೆಯನ್ನು ವಾಚಕರು ಸ್ವಲ್ಪ ಅವಧರಿಸಬೇಕು. ಯಂತ್ರದಿಂದ ಮುಂಚಾಚಿದ ಹಿಡಿಯೊಂದೇ ಎಲ್ಲಕ್ಕೂ ಆಧಾರ. ಹಿಡಿಯನ್ನು ತಿರುಚಿದರೆ ವೇಗವು ಏರುವುದು, ಇಳಿಯುವುದು. ಅದನ್ನು ಎಡಕ್ಕೆ ದೂಡಿದರೆ ಮೂತಿಯು ಬಲಕ್ಕೂ, ಬಲಕ್ಕೆ ದೂಡಿದರೆ ಎಡಕ್ಕೂ ತಿರುಗುವುದು. ಇಲ್ಲಿ ತಿರುಗುವುದು ಹಲಗೆಯಲ್ಲ, ನೂಕುವ ರೆಕ್ಕೆಯೇ. ಆದುದರಿಂದ ನಿಂತ ದೋಣಿಯನ್ನೂ ಇದ್ದೆಡೆಯಲ್ಲಿಯೇ ತಿರುಗಿಸಬಹುದು. ಹಳೆಯ ಚುಕ್ಕಾಣಿಗೆ ಈ ಸಾಮರ್ಥ್ಯವಿಲ್ಲ. ಆದರೆ ಮೂತಿಯು ಒಂದು ಕಡೆಗೆ ತಿರುಗುವಾಗ ಹಿಂಬದಿಯು ಇನ್ನೊಂದು ಕಡೆಗೆ ಬೀಸುವುದು. ಬಲೆಯು ಆ ಕಡೆಯಲ್ಲಿದ್ದರೆ ರೆಕ್ಕೆಗೆ ಸಿಕ್ಕುವ ಭಯವುಂಟು. ಯಂತ್ರವನ್ನು ನಡುವಿನಲ್ಲಿ ಇಡಲಾರದೆ ಒಂದು ಪಕ್ಕಕ್ಕೆ ಕಟ್ಟಿದಲ್ಲಿ, ಅದು ದೋಣಿಯನ್ನು ಸದಾ ಎದುರು ಪಕ್ಕಕ್ಕೆ ನೂಕುತ್ತಿರುವುದು. ಆಗ ಪ್ರತ್ಯೇಕವಾದ ಚುಕ್ಕಾಣಿಯಿದ್ದರೆ ಅದನ್ನೂ ಯಂತ್ರದೊಡನೆ ಹೊಂದಿಸಿ ಹಿಡಿಯಬೇಕು.

ಗುಣವಿದ್ದೆಡೆಯಲ್ಲಿಯೇ ದೋಷವೂ ಇರುವುದು. ಎರಡು ಅಧಿಕಾರಗಳನ್ನು ಒಂದೇ ಸಾಧನಕ್ಕೆ ಒಪ್ಪಿಸಿದುದರಿಂದ, ಅದು ಕೆಟ್ಟರೆ ಎರಡೂ ಕೆಡುವುವು. ಯಂತ್ರವು ನಿಂತೊಡನೆ ವೇಗವು ಮಾತ್ರವಲ್ಲ, ದಿಕ್ಕೂ ಹೋಯಿತು. ಇದರ ಪರೀಕ್ಷೆಯು ಅಳಿವೆಯಲ್ಲಿ. ನದಿಯು ಕಡಲನ್ನು ಸೇರುವ ಆ ಬಾಯಿಯಲ್ಲಿ ಮರಳದಿಣ್ಣೆಯ ಮೇಲೆ ಅಲೆಯು ಮುರಿಯುವುದು. ಮೀನು ತುಂಬಿ ಮರಳುವ ದೋಣಿಗೆ ಅಲೆಯು ಹಿಂದಿನಿಂದ ಬರುವುದು. ಅದು ಹಿಂಬದಿಯನ್ನು ಎತ್ತಿದಾಗ ರೆಕ್ಕೆಯು ನೀರಿನಿಂದ ಮೇಲೆದ್ದು ಗಾಳಿಯಲ್ಲಿ ವ್ಯರ್ಥವಾಗಿ ತಿರುಗುವುದು. ಆ ಒಂದು ಕ್ಷಣ ದೋಣಿಗೆ ಕರ್ಣಧಾರನಿಲ್ಲ. ಮೂತಿಯು ನೀರಿಗೆ ಇಳಿದು, ದೋಣಿಯು ಅಲೆಗೆ ಅಡ್ಡಲಾಗಿ, ಮಗುಚುವುದಕ್ಕೆ ಅಷ್ಟೇ ಸಾಕು. ದಡವು ಕಣ್ಣೆದುರಿಗಿರುವಾಗಲೇ ಜೀವಹಾನಿಯಾಗುವುದು ಹೀಗೆ.

ಆದುದರಿಂದ ಯಂತ್ರವಿರುವ ದೋಣಿಯಲ್ಲಿಯೂ ಹುಟ್ಟನ್ನು ಬಿಡದಿರುವುದು ಮೌಢ್ಯವಲ್ಲ, ವಿವೇಕ. ಹಿಂದೆ ಆಳವಾಗಿ ಊರಿದ ಉದ್ದನೆಯ ಹುಟ್ಟು, ರೆಕ್ಕೆಯು ಮೇಲೆದ್ದ ಗಳಿಗೆಯಲ್ಲಿಯೂ ದೋಣಿಯನ್ನು ನೇರವಾಗಿ ಹಿಡಿಯಬಲ್ಲದು. ನಡೆಸುವವನು ನೀರಿಗೆ ಬಿದ್ದರೆ ಯಂತ್ರವು ತಾನೇ ನಿಲ್ಲುವಂತೆ ಕೈಗೆ ಕಟ್ಟಿಕೊಳ್ಳುವ ಹುರಿಯನ್ನು ಯಂತ್ರ ಮಾಡುವವರೇ ಒದಗಿಸಿರುವರು. ಅದನ್ನು ತೊಡಕೆಂದು ಬದಿಗಿಡಬಾರದು. ಎವಿನ್‌ರೂಡನ ಹೆಸರಿನ ಯಂತ್ರಗಳ ತಯಾರಿಕೆಯು 2020ರಲ್ಲಿ ನಿಂತುಹೋಯಿತು. ಅವನಿಗಿಂತ ಎಷ್ಟೋ ಶತಮಾನಗಳ ಹಿಂದಿನ ಹುಟ್ಟು ಇನ್ನೂ ನಿಂತಿಲ್ಲ. ಯಂತ್ರವು ಹುಟ್ಟು ಹಾಕುವವರ ಶ್ರಮವನ್ನು ತಾನು ವಹಿಸಿಕೊಂಡಿತು. ಅದು ಲೋಕೋಪಕಾರವೇ ಸರಿ. ಆದರೆ ಅಲೆಯನ್ನು ನೋಡಿ, ಕಾದು, ಸಮಯವನ್ನು ಅರಿತು ತಿರುಗಿಸುವ ಕರ್ಣಧಾರನ ಭಾರವನ್ನು ಅದು ಇಳಿಸಲಿಲ್ಲ. ಅವನ ಒಂದೇ ಕೈಗೆ ಎರಡು ಭಾರಗಳನ್ನು ಇಟ್ಟಿತು.