ಕುಟುಂಬ ವೈದ್ಯನ ಸಹಾಯಕವರ್ಗ: ಬ್ರಿಟನ್ನಿನ ನಿದರ್ಶನ

ವೈದ್ಯಕೀಯದ ಚರಿತ್ರೆಯೆಂದರೆ ವೈದ್ಯರ ಚರಿತ್ರೆಯೆಂದು ಬಗೆಯುವ ರೂಢಿಯುಂಟು. ಬ್ರಿಟನ್ನಿನ ಕುಟುಂಬ ವೈದ್ಯಪದ್ಧತಿಯ ಇತಿಹಾಸವು ಈ ಭಾವನೆಯನ್ನು ತಿದ್ದುತ್ತದೆ.

೧೮೫೯ರಲ್ಲಿ ಲಿವರ್‌ಪೂಲಿನ ವರ್ತಕ ವಿಲಿಯಂ ರಾತ್‌ಬೋನನು, ತನ್ನ ಪತ್ನಿಯನ್ನು ಅಂತ್ಯಕಾಲದಲ್ಲಿ ಉಪಚರಿಸಿದ್ದ ಮೇರಿ ರಾಬಿನ್‌ಸನ್ ಎಂಬ ದಾದಿಯನ್ನು ಬಡರೋಗಿಗಳ ಮನೆಗಳಿಗೆ ಕಳುಹಿಸಿದನು. ಮನೆಮನೆಯ ದಾದಿಸೇವೆಯು ಹೀಗೆ ಮೊಳೆಯಿತು. ವೈದ್ಯರೂ ದಾದಿಯರೂ ಒಂದೆಡೆ ಕಲೆತು ದುಡಿಯುವ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ೧೯೨೦ರ ಡಾಸನ್ ವರದಿಯು ಸೂಚಿಸಿತು. ಸೂಚನೆ ಬಹುಕಾಲ ಕಾಗದದಲ್ಲಿಯೇ ಉಳಿಯಿತು.

೧೯೪೮ರ ಜುಲೈ ೫ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೂ ಅನೇಕ ವೈದ್ಯರು ಒಂಟಿಯಾಗಿಯೇ ದುಡಿದರು. ದಾದಿಯರು ಸ್ಥಳೀಯ ಆಡಳಿತಕ್ಕೆ ಸೇರಿದವರು. ದೂರವಾಣಿಗೆ ಉತ್ತರಿಸಿ, ರೋಗಿಗಳನ್ನು ಬರಮಾಡಿಕೊಳ್ಳುವ ಹೊಣೆಯು ಎಷ್ಟೋ ಕಡೆ ವೈದ್ಯನ ಪತ್ನಿಯ ಮೇಲೆ ಬೀಳುತ್ತಿತ್ತು. ಅದಕ್ಕೆ ಸಾಮಾನ್ಯವಾಗಿ ಸಂಬಳವಿರಲಿಲ್ಲ.

೧೯೬೬ರ ಹೊಸ ಒಪ್ಪಂದವು ಈ ಸ್ಥಿತಿಯನ್ನು ಬದಲಿಸಿತು. ಸಹಾಯಕರ ವೇತನದಲ್ಲಿ ಶೇಕಡ ೭೦ರಷ್ಟನ್ನು ಸರ್ಕಾರವೇ ಭರಿಸತೊಡಗಿದುದರಿಂದ ದಾದಿಯರೂ ಕಚೇರಿಯ ಸಿಬ್ಬಂದಿಯೂ ಕ್ರಮೇಣ ಚಿಕಿತ್ಸಾಲಯದ ಅಂಗವಾದರು.

ಸಹಕಾರದ ಆದರ್ಶವು ೧೯೨೦ರಲ್ಲಿಯೇ ಇದ್ದಿತು. ಅದು ನೆಲೆಗೊಂಡುದು ವೇತನ ದೊರೆತಾಗ. ಲೆಕ್ಕಪತ್ರದಲ್ಲಿ ಹೆಸರಿಲ್ಲದವರ ದುಡಿಮೆಯು ಚರಿತ್ರೆಯಲ್ಲಿಯೂ ಮರೆಯಾಗುತ್ತದೆ. ಆ ಪತ್ನಿಯರ ಪಾಲನ್ನು ಗುರುತಿಸದೆ ಬರೆದ ವೈದ್ಯಕೀಯ ಚರಿತ್ರೆಯು ಅಪೂರ್ಣವೆಂದೇ ಹೇಳಬೇಕು.