ಬೆಟ್ಟದ ರೈಲಿನಿಂದ ನಮ್ಮ ಹಳೆ ಕಾರಿನವರೆಗೆ: ಇಂಜಿನ್ ಆಯಿಲ್ ಪರೀಕ್ಷೆಯ ಕಥೆ

ಗಲ್ಫ್‌ಗೆ ಬಂದ ನಮ್ಮವರಲ್ಲಿ ಬಹಳ ಮಂದಿ ಕೊಳ್ಳುವ ಮೊದಲ ಕಾರು ಶೋರೂಮಿನದಲ್ಲ. ಎರಡು, ಎರಡೂವರೆ ಲಕ್ಷ ಕಿಲೋಮೀಟರ್ ಓಡಿ, ಎರಡು ಮೂರು ಕೈ ದಾಟಿ ಬಂದದ್ದು. ಮುಲ್ಕಿಯಾ ನಮ್ಮ ಹೆಸರಿಗೆ ಆಗಿ ಕೆಲವು ತಿಂಗಳಿಗೆ ಆಯಿಲ್ ಕಡಿಮೆಯಾಗತೊಡಗುತ್ತದೆ. ಒಂದು ಗ್ಯಾರೇಜಿನವರು ‘ಇಂಜಿನ್ ಇಳಿಸಬೇಕು’ ಎನ್ನುತ್ತಾರೆ. ಪಕ್ಕದವರು ‘ದಪ್ಪ ಆಯಿಲ್ ಹಾಕಿ, ಇನ್ನೆರಡು ವರ್ಷ ಓಡುತ್ತದೆ’ ಎನ್ನುತ್ತಾರೆ. ಮೊದಲನೆಯವರ ಮಾತು ಕೇಳಿದರೆ ಊರಿಗೆ ಕಳಿಸಬೇಕಾದ ಎರಡು ಮೂರು ತಿಂಗಳ ಹಣ ಹೋಗುತ್ತದೆ. ಎರಡನೆಯವರ ಮಾತು ಕೇಳಿ, ಜುಲೈ ಮಧ್ಯಾಹ್ನ ಹೈವೇಯಲ್ಲಿ ಇಂಜಿನ್ ಜಾಮ್ ಆದರೆ ಕಾರೇ ಹೋಗುತ್ತದೆ. ಇವೆರಡರ ನಡುವೆ ಮೂರನೆಯ ಸಲಹೆಯೂ ಈಗ ಕೇಳಿಬರುತ್ತದೆ: ‘ಹಳೆ ಆಯಿಲನ್ನು ಲ್ಯಾಬಿಗೆ ಕೊಟ್ಟು ರಿಪೋರ್ಟ್ ತರಿಸಿ.’ ಈ ರಿಪೋರ್ಟನ್ನು ಎಷ್ಟು ನಂಬಬಹುದು ಎಂದು ತಿಳಿಯಬೇಕಾದರೆ ಅದು ಯಾರಿಗಾಗಿ ಹುಟ್ಟಿತು ಎಂದು ನೋಡಬೇಕು.

ಅದು ಹುಟ್ಟಿದ್ದು ಕಾರಿಗಾಗಿ ಅಲ್ಲ, ರೈಲಿಗಾಗಿ. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಅಮೆರಿಕದ ರೈಲು ಕಂಪನಿಗಳು ಉಗಿ ಇಂಜಿನ್ನುಗಳನ್ನು ಬಿಟ್ಟು ಡೀಸೆಲ್‌ಗೆ ತಿರುಗುತ್ತಿದ್ದವು. ಉಗಿ ಇಂಜಿನ್ನಿನ ಸವೆತವನ್ನು ಹಳೆಯ ಫಿಟ್ಟರುಗಳು ಕಣ್ಣಲ್ಲಿ ಕಂಡು, ಕಿವಿಯಲ್ಲಿ ಕೇಳಿ ಹಿಡಿಯುತ್ತಿದ್ದರು. ಡೀಸೆಲ್‌ನಲ್ಲಿ ಎಲ್ಲವೂ ಮುಚ್ಚಿದ ಪೆಟ್ಟಿಗೆಯೊಳಗೆ. ರಾಕಿ ಪರ್ವತಗಳ ಕಡಿದಾದ ಏರಿನಲ್ಲಿ ಸರಕು ಎಳೆಯುತ್ತಿದ್ದ ಡೆನ್ವರ್ ಆ್ಯಂಡ್ ರಿಯೋ ಗ್ರಾಂಡ್ ವೆಸ್ಟರ್ನ್ ಕಂಪನಿಗೆ ನಡುದಾರಿಯಲ್ಲಿ ಇಂಜಿನ್ ಕೈಕೊಡುವುದೆಂದರೆ ದೊಡ್ಡ ನಷ್ಟ. 1946ರಲ್ಲಿ ಅದರ ಸಂಶೋಧನಾ ಪ್ರಯೋಗಾಲಯ ಬಳಸಿದ ಆಯಿಲ್‌ನಲ್ಲಿರುವ ಲೋಹದ ಅಂಶಗಳನ್ನು ಅಳೆದು, ಇಂಜಿನ್ನಿನ ಕಾಯಿಲೆಯನ್ನು ಮೊದಲೇ ಪತ್ತೆಹಚ್ಚಿತು. ಬಳಸಿದ ಆಯಿಲ್ ಪರೀಕ್ಷೆಯ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಶುರುಮಾಡುತ್ತಾರೆ.

ಅವರು ಬಳಸಿದ ಉಪಕರಣ ಸ್ಪೆಕ್ಟ್ರೋಗ್ರಾಫ್. ಯಾವುದೇ ಧಾತುವನ್ನು ಚೆನ್ನಾಗಿ ಕಾಯಿಸಿದರೆ ಅದು ತನ್ನದೇ ಬಣ್ಣದ ಗೆರೆಗಳನ್ನು ಬೀರುತ್ತದೆ ಎಂದು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ 1860ರ ಸುಮಾರಿಗೆ ತೋರಿಸಿದ್ದರು. ನಮ್ಮ ನೆರೆಯ ಗುಂಟೂರಿನಲ್ಲಿ 1868ರ ಸೂರ್ಯಗ್ರಹಣ ನೋಡಲು ಬಂದಿದ್ದ ಫ್ರಾನ್ಸಿನ ಜಾನ್ಸೆನ್ ಸೂರ್ಯನ ಬೆಳಕನ್ನು ಪರೀಕ್ಷಿಸಿದ್ದೂ ಇದೇ ವಿದ್ಯೆಯಿಂದ. ಹೀಲಿಯಂ ಕಂಡದ್ದು ಆ ವರ್ಷವೇ. ಸೂರ್ಯನನ್ನು ಓದಿದ ವಿದ್ಯೆ ಎಂಬತ್ತು ವರ್ಷಗಳಲ್ಲಿ ಕೊಳಕು ಎಣ್ಣೆಗೆ ಇಳಿಯಿತು. ಆಯಿಲ್ ಹನಿಯನ್ನು ವಿದ್ಯುತ್ ಕಿಡಿಯಲ್ಲಿ ಸುಟ್ಟು ಗೆರೆಗಳನ್ನು ಓದಿದರೆ, ಹತ್ತು ಲಕ್ಷ ಭಾಗದಲ್ಲಿ ಕಬ್ಬಿಣ ಎಷ್ಟು, ತಾಮ್ರ ಎಷ್ಟು ಎಂದು ಗೊತ್ತಾಗುತ್ತದೆ. ಇಂದಿನ ರಿಪೋರ್ಟಿನಲ್ಲಿ ‘ಪಿಪಿಎಂ’ ಎಂದು ಬರೆಯುವುದು ಇದನ್ನೇ. ಕಬ್ಬಿಣ ಹೆಚ್ಚಾದರೆ ಸಿಲಿಂಡರ್ ಗೋಡೆ, ಕ್ಯಾಮ್‌ಶಾಫ್ಟ್ ಮೊದಲಾದವು. ಅಲ್ಯೂಮಿನಿಯಂ ಆದರೆ ಪಿಸ್ಟನ್. ತಾಮ್ರ, ಸೀಸ ಆದರೆ ಬೇರಿಂಗ್. ಸೋಡಿಯಂ, ಪೊಟ್ಯಾಸಿಯಂ ಏರಿದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು.

ರೈಲಿನವರ ಜಾಣತನವಿದ್ದದ್ದು ಯಂತ್ರದಲ್ಲಿ ಮಾತ್ರವಲ್ಲ, ಅವರ ದಫ್ತರದಲ್ಲಿ ಎಂದು ನಮಗೆ ಅನ್ನಿಸುತ್ತದೆ. ಇಂಥ ಪರೀಕ್ಷೆಗೆ ಒಂದೇ ಅಂಕಿಯಿಂದ ಅರ್ಥವಿಲ್ಲ. ಒಂದು ಇಂಜಿನ್ನಿನಲ್ಲಿ 30 ಪಿಪಿಎಂ ಕಬ್ಬಿಣ ಸಹಜ, ಇನ್ನೊಂದರಲ್ಲಿ ಅದು ಎಚ್ಚರಿಕೆಯ ಗಂಟೆ. ಒಂದೇ ಇಂಜಿನ್ನಿನಿಂದ ಮತ್ತೆ ಮತ್ತೆ ತೆಗೆದ ಮಾದರಿಗಳನ್ನು ಹೋಲಿಸಬೇಕು. ನಡುವೆ ಎಷ್ಟು ಓಡಿತು, ಎಷ್ಟು ಹೊಸ ಆಯಿಲ್ ಸುರಿದರು ಎಂಬುದೂ ಪಕ್ಕದಲ್ಲೇ ಇರಬೇಕು.

ಮುಂದೆ ಈ ವಿದ್ಯೆ ಬೇಗ ಹರಡಿತು. 1955ರಲ್ಲಿ ಅಮೆರಿಕದ ನೌಕಾಪಡೆ ವಿಮಾನದ ಇಂಜಿನ್ನುಗಳಿಗೆ ಇದನ್ನು ತಂದಿತು. ಆಮೇಲೆ ಭೂಸೇನೆ, ವಾಯುಸೇನೆಗಳೂ ಕೈಹಾಕಿದವು. 1970ರ ದಶಕದ ಆರಂಭದಲ್ಲಿ ಕ್ಯಾಟರ್‌ಪಿಲ್ಲರ್ ಕಂಪನಿ ಡೋಜರ್, ಜನರೇಟರುಗಳ ಗ್ರಾಹಕರಿಗೆ ಇದನ್ನು ಸೇವೆಯಾಗಿ ಕೊಡತೊಡಗಿತು. ಇಲ್ಲಿನ ಇಕ್ವಿಪ್‌ಮೆಂಟ್ ಯಾರ್ಡುಗಳಲ್ಲಿ ದುಡಿಯುವ ನಮ್ಮವರಿಗೆ ಆ ಚಿಕ್ಕ ಸ್ಯಾಂಪಲ್ ಬಾಟಲಿಯ ಪರಿಚಯ ಚೆನ್ನಾಗಿಯೇ ಇದೆ. ನಮ್ಮ ದೇಶದಲ್ಲೂ ರೈಲ್ವೆಯ ಡೀಸೆಲ್ ಶೆಡ್ಡುಗಳು ಪ್ರಯೋಗಾಲಯ ಇಟ್ಟುಕೊಂಡು ಇದೇ ಕೆಲಸ ಮಾಡುತ್ತಾ ಬಂದಿವೆ.

ಪೆಟ್ರೋಲ್ ಕಾರಿನ ವಿಷಯದಲ್ಲಿ ಒಂದು ತೊಡಕಿತ್ತು. 1923ರಿಂದ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಆ ಸೀಸ ಉರಿದು ಆಯಿಲ್‌ಗೂ ಇಳಿಯುತ್ತಿತ್ತು. ಹಾಗಾಗಿ ರಿಪೋರ್ಟಿನಲ್ಲಿ ಸೀಸ ಕಂಡರೆ ಅದು ಬೇರಿಂಗಿನದೋ, ಪೆಟ್ರೋಲಿನದೋ ಹೇಳುವುದು ಕಷ್ಟ. ಡೀಸೆಲ್‌ನವರಿಗೆ ಈ ರಗಳೆ ಇರಲಿಲ್ಲ. ಭಾರತದಲ್ಲಿ 2000ದಲ್ಲಿ, ಯುಎಇಯಲ್ಲಿ 2003ರಲ್ಲಿ ಸೀಸದ ಪೆಟ್ರೋಲ್ ನಿಂತಿತು. ಆಮೇಲೆ ಆ ಅಂಕಿಗೂ ಬೆಲೆ ಬಂತು.

ಇನ್ನು ಆಯಿಲ್ ಕುಡಿಯುವ ಮಾತು. ಇದರ ಕಥೆಯ ಬೇರೂ ರೈಲಿನಲ್ಲೇ ಇದೆ. 1850ರ ದಶಕದಲ್ಲಿ ಇಂಗ್ಲೆಂಡಿನ ರೈಲ್ವೆ ಇಂಜಿನಿಯರ್ ಜಾನ್ ರಾಮ್ಸ್‌ಬಾಟಮ್ ಉಗಿ ಇಂಜಿನ್ನಿಗಾಗಿ, ಒಂದು ಕಡೆ ಸೀಳಿದ, ತಾನೇ ಚಾಚಿ ಗೋಡೆಗೆ ಒತ್ತಿಕೊಳ್ಳುವ ಲೋಹದ ಪಿಸ್ಟನ್ ರಿಂಗ್ ಮಾಡಿದ. ಇಂದಿನ ಕಾರಿನ ರಿಂಗುಗಳು ಅದರ ವಂಶವೇ. ಕೆಳಗಿನ ರಿಂಗಿನ ಕೆಲಸ ಗೋಡೆಯ ಮೇಲಿನ ಹೆಚ್ಚುವರಿ ಆಯಿಲನ್ನು ಕೆರೆದು ಕೆಳಗಿಳಿಸುವುದು. ಪೆಟ್ರೋಲ್ ಉಳಿಸಲು ತಯಾರಕರು ರಿಂಗಿನ ಒತ್ತಡವನ್ನು ಕಡಿಮೆ ಮಾಡುತ್ತಾ ಬಂದರು. ಆ ರಿಂಗಿಗೂ ಅದರ ಹಿಂದೆ ಆಯಿಲ್ ಇಳಿಯುವ ಸಣ್ಣ ತೂತುಗಳಿಗೂ ಕಾರ್ಬನ್ ಕಟ್ಟಿತೆಂದರೆ ಆಯಿಲ್ ಮೇಲೇರಿ ಉರಿಯುತ್ತದೆ.

ಇದಕ್ಕೆ ಹೆಸರಾದ ಉದಾಹರಣೆ ಇಲ್ಲಿನ ರಸ್ತೆಗಳಲ್ಲೂ ಬೇಕಾದಷ್ಟು ಓಡಿದ ಕ್ಯಾಮ್ರಿಯ 2.4 ಲೀಟರಿನ 2ಎಜೆಡ್-ಎಫ್‌ಇ ಇಂಜಿನ್. 2011ರಲ್ಲಿ ಟೊಯೋಟಾ ಅಮೆರಿಕದ ತನ್ನ ವರ್ಕ್‌ಶಾಪುಗಳಿಗೆ ಈ ಬಗ್ಗೆ ತಾಂತ್ರಿಕ ಸೂಚನೆ ಹೊರಡಿಸಿತು: ಆಯಿಲ್ ತುಂಬಿಸಿ, ಸೀಲ್ ಮಾಡಿ, 1,200 ಮೈಲಿ ಓಡಿಸಿ. ಒಂದು ಕ್ವಾರ್ಟ್‌ಗಿಂತ ಹೆಚ್ಚು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 2,000 ಕಿಲೋಮೀಟರಿಗೆ ಒಂದು ಲೀಟರಿನಷ್ಟು ಹೋಗಿದ್ದರೆ ಪಿಸ್ಟನ್, ರಿಂಗ್ ಬದಲಿಸಿ. ಗಮನಿಸಬೇಕಾದದ್ದು: ಅಷ್ಟು ದೊಡ್ಡ ಕಂಪನಿ ಇದಕ್ಕೆ ಲ್ಯಾಬ್ ರಿಪೋರ್ಟನ್ನು ಆಧಾರ ಮಾಡಿಕೊಳ್ಳಲಿಲ್ಲ. ಡಿಪ್‌ಸ್ಟಿಕ್ಕನ್ನೇ ನಂಬಿತು.

ಕಾರಣ ಸರಳ. ಆಯಿಲ್ ಕುಡಿಯುವ ಇಂಜಿನ್ನಿನ ಲೋಹ ಸವೆಯುತ್ತಿರಲೇಬೇಕೆಂದಿಲ್ಲ. ರಿಂಗ್ ಅಂಟಿದ್ದರೆ, ವಾಲ್ವ್ ಸೀಲ್ ಒಣಗಿ ಗಟ್ಟಿಯಾಗಿದ್ದರೆ ಕಬ್ಬಿಣ, ಅಲ್ಯೂಮಿನಿಯಂ ಸುಮ್ಮನೇ ಇರಬಹುದು. ಇನ್ನೊಂದು ಮೋಸವೂ ಇದೆ. ಲೆಕ್ಕ ಮಾಡಿ ನೋಡೋಣ. ನಾಲ್ಕು ಲೀಟರ್ ಆಯಿಲ್ ಹಿಡಿಯುವ ಇಂಜಿನ್ 8,000 ಕಿಲೋಮೀಟರಿನಲ್ಲಿ 40 ಪಿಪಿಎಂ ಕಬ್ಬಿಣ ಬಿಡುತ್ತದೆ ಎಂದುಕೊಳ್ಳಿ. ಅದೇ ಇಂಜಿನ್ 2,000ಕ್ಕೊಂದು ಲೀಟರ್ ಕುಡಿದು, ನಾವು ಅಷ್ಟೇ ಹೊಸ ಆಯಿಲ್ ಸುರಿಯುತ್ತಾ ಹೋದರೆ ಕೊನೆಗೆ ರಿಪೋರ್ಟಿನಲ್ಲಿ 25ರ ಆಸುಪಾಸು ಮಾತ್ರ ಬರುತ್ತದೆ. ಸವೆತ ಅಷ್ಟೇ, ಅಂಕಿ ಮಾತ್ರ ಚೆಂದ. ಹಾಲಿಗೆ ನೀರು ಬೆರೆಸಿದ ಹಾಗೆ. ಮಾರುವವರು ತೋರಿಸುವ ಒಂದೇ ಒಂದು ‘ಕ್ಲೀನ್ ರಿಪೋರ್ಟ್’ ನೋಡಿ ಹಣ ಎಣಿಸುವ ಮುನ್ನ ಇದು ನೆನಪಿರಲಿ.

ರಿಪೋರ್ಟಿಗೆ ಕಾಣದ ಇನ್ನೊಂದು ಸಂಗತಿಯೂ ಇದೆ. ಸಾಮಾನ್ಯ ಸ್ಪೆಕ್ಟ್ರೋಗ್ರಾಫ್ ಸುಮಾರು ಐದರಿಂದ ಹತ್ತು ಮೈಕ್ರಾನಿಗಿಂತ ದಪ್ಪ ಚೂರುಗಳನ್ನು ಸರಿಯಾಗಿ ಓದಲಾರದು. ಬೇರಿಂಗ್ ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೆ ಅಂಕಿ ಸುಮ್ಮನಿರಬಹುದು. ಅಂಥ ಚೂರುಗಳನ್ನು ಅಯಸ್ಕಾಂತದಿಂದ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡುವ ಫೆರೋಗ್ರಫಿ 1970ರ ದಶಕದಲ್ಲಿ ಬಂತು. ನಮ್ಮ ಕಾರಿಗೆ ಅಷ್ಟೆಲ್ಲ ಬೇಡ. ಹಳೆ ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದರೆ ಮಿಂಚುವ ಚೂರು ಕಣ್ಣಿಗೇ ಕಾಣುತ್ತದೆ.

ಹಾಗೆಂದು ರಿಪೋರ್ಟ್ ದಂಡವಲ್ಲ, ಅದರಲ್ಲೂ ಈ ಮರಳುನಾಡಿನಲ್ಲಿ. ಧೂಳಿನಲ್ಲಿರುವುದು ಹೆಚ್ಚಾಗಿ ಸಿಲಿಕಾ. ಏರ್ ಫಿಲ್ಟರ್ ಸರಿಯಾಗಿ ಕೂತಿಲ್ಲದಿದ್ದರೆ, ಅದರ ಪೈಪ್ ಸೀಳಿದ್ದರೆ ಆಯಿಲ್‌ನಲ್ಲಿ ಸಿಲಿಕಾನ್ ಏರುತ್ತದೆ, ಅದರ ಬೆನ್ನಿಗೇ ಕಬ್ಬಿಣ, ಅಲ್ಯೂಮಿನಿಯಂ. ಹತ್ತಿಪ್ಪತ್ತು ದಿರ್ಹಮಿನ ಪೈಪ್ ಕ್ಲಿಪ್ಪು ಇಂಜಿನ್ನನ್ನು ತಿನ್ನುತ್ತಿರುವುದು ಡಿಪ್‌ಸ್ಟಿಕ್ಕಿಗೆ ಕಾಣುವುದಿಲ್ಲ, ಲ್ಯಾಬಿಗೆ ಕಾಣುತ್ತದೆ. (ಹೊಸದಾಗಿ ಸಿಲಿಕೋನ್ ಗ್ಯಾಸ್ಕೆಟ್ ಅಂಟು ಹಚ್ಚಿದ ಇಂಜಿನ್ನಿನಲ್ಲೂ ಸಿಲಿಕಾನ್ ಏರುತ್ತದೆ, ಆಗ ಕಬ್ಬಿಣ ಜೊತೆಗೆ ಏರಿದೆಯೇ ನೋಡಬೇಕು.) ಕೂಲೆಂಟ್ ಸೋರುವುದೂ ಹಾಗೆಯೇ.

ಹೀಗಾಗಿ ಹಳೆ ಕಾರಿನವರು ಮೊದಲು ಮಾಡಬೇಕಾದದ್ದು ಖರ್ಚಿಲ್ಲದ ಕೆಲಸ. ಸಮತಟ್ಟಾದ ಒಂದೇ ಜಾಗದಲ್ಲಿ, ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ನೋಡಿ, ಕಿಲೋಮೀಟರ್ ಮತ್ತು ಸುರಿದ ಆಯಿಲ್ ಅಳತೆಯನ್ನು ಬರೆದಿಡುವುದು. 2,000 ಕಿಲೋಮೀಟರಿನ ಲೆಕ್ಕ ಕೈಗೆ ಬಂದ ಮೇಲೆ, ಬೇಕೆನಿಸಿದರೆ, ಆಯಿಲ್ ಬದಲಿಸುವಾಗ ಮಾದರಿಯನ್ನು ಲ್ಯಾಬಿಗೆ ಕಳಿಸಿ. ಜೊತೆಗೆ ಎಷ್ಟು ಲೀಟರ್ ಸೇರಿಸಿದಿರಿ ಎಂಬುದನ್ನೂ ಬರೆಯಿರಿ. ಲೋಹಗಳು ಎರಡು ಮೂರು ಬಾರಿಯೂ ಸಮನಾಗಿದ್ದು, ಕೂಲೆಂಟಿನ ಸುಳಿವಿಲ್ಲದೆ, ಹೋಗುವುದು 2,000ಕ್ಕೆ ಅರ್ಧ ಲೀಟರ್ ಮಾತ್ರ ಆಗಿದ್ದರೆ, ಇಂಜಿನ್ ಇಳಿಸುವ ಮಾತಿಗೆ ತಲೆಯಾಡಿಸುವ ಅವಸರವಿಲ್ಲ. ಡಿಕ್ಕಿಯಲ್ಲಿ ಒಂದು ಲೀಟರ್ ಡಬ್ಬಿ ಇಟ್ಟುಕೊಂಡರೆ ಸಾಕು. ಸೋಡಿಯಂ, ಪೊಟ್ಯಾಸಿಯಂ ಏರುತ್ತಾ ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಮಾತ್ರ ಇನ್ನೊಂದು ರಿಪೋರ್ಟಿಗೆ ಕಾಯದೆ, ಆ ವಾರವೇ ಗ್ಯಾರೇಜಿಗೆ ಒಯ್ಯಬೇಕು.