ಒಂದು ಕುದುರೆ ಕೊಟ್ಟು ಕಲಿತ ಕೆಲಸ (ಹರಳು-ಲೋಹದ ಕಥೆಗಳು, ಭಾಗ 6)

ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಬಳೆ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ನೀಲಿ ಹರಳುಗಳು ಸಾಲಾಗಿ ಕೂತಿವೆಯಲ್ಲ, ಒಂದೊಂದಕ್ಕೂ ಅದರದ್ದೇ ಬೆಳ್ಳಿ ಕಟ್ಟು. ಇದು ಅಮೆರಿಕದ ನ್ಯೂ ಮೆಕ್ಸಿಕೋದ ಝೂನಿ ಜನರ ಕೈಕೆಲಸ. ಹರಳು ಟರ್ಕಾಯ್ಸ್, ಅಂದ್ರೆ ನಮ್ಮ ಅಂಗಡಿಗಳ ಫಿರೋಜಾ.

ಮಾರುವವರು ಇದನ್ನ ಸಾವಿರಾರು ವರ್ಷಗಳ ಕಲೆ ಅಂತಾರೆ. ಅರ್ಧ ನಿಜ. ಕಲ್ಲಿನ ಕೆಲಸ ಹಳೆಯದೇ. 1540ರಲ್ಲಿ ಸ್ಪೇನಿನ ಕೊರೊನಾಡೊ ಚಿನ್ನ ಹುಡುಕಿಕೊಂಡು ಝೂನಿಗಳ ಹಾವಿಕೂ ಊರಿಗೆ ನುಗ್ಗಿದ, ಚಿನ್ನ ಸಿಗಲಿಲ್ಲ. 1917ರಿಂದ 1923ರವರೆಗೆ ಅದೇ ಊರನ್ನ ಅಗೆದಾಗ ಸಿಕ್ಕವುಗಳಲ್ಲಿ ಫಿರೋಜಾ ಚೂರುಗಳನ್ನ ಒತ್ತೊತ್ತಾಗಿ ಅಂಟಿಸಿದ ಬಾಚಣಿಗೆಗಳೂ ಇದ್ದವು.

ಬೆಳ್ಳಿ ಮಾತ್ರ ಮೊನ್ನೆಮೊನ್ನೆಯದು! 1872ರ ಸುಮಾರಿಗೆ ಅತ್ಸಿಡಿ ಚೋನ್ ಎಂಬ ನವಾಹೊ ಅಕ್ಕಸಾಲಿ ಝೂನಿಗೆ ಬಂದ. ಲಾನ್ಯಾಡೆ ಎಂಬಾತ ಅವನಿಗೆ ಒಂದು ಒಳ್ಳೇ ಕುದುರೆ ಕೊಟ್ಟು ಕೆಲಸ ಕಲಿತ. ಮುದುಕನಾದ ಮೇಲೆ ಲಾನ್ಯಾಡೆ ಹೇಳಿದ ಈ ಕಥೆಯನ್ನ ಮಾನವಶಾಸ್ತ್ರಜ್ಞ ಜಾನ್ ಅಡೇರ್ 1944ರ ತಮ್ಮ ಪುಸ್ತಕದಲ್ಲಿ ಬರೆದರು. ಆಗ ಬೆಳ್ಳಿ ಅಂದ್ರೆ ಡಾಲರ್, ಪೆಸೊ ನಾಣ್ಯ ಕರಗಿಸಿದ್ದು. ಅದರಲ್ಲಿ ಹರಳು ಕೂರಿಸೋಕೆ ಶುರು ಮಾಡಿದ್ದು 1890ರ ಹೊತ್ತಿಗೆ.

ಗುರುವಿನ ಕೆಲಸವನ್ನ ಶಿಷ್ಯರು ತಿರುಗಿಸಿಬಿಟ್ಟರು ನೋಡಿ. ನವಾಹೊ ಒಡವೆಯಲ್ಲಿ ಬೆಳ್ಳಿಯೇ ಯಜಮಾನ, ಹರಳು ಅಲಂಕಾರ. ಝೂನಿಗಳಲ್ಲಿ ಬೆಳ್ಳಿ ಇರೋದೇ ಹರಳು ಹಿಡಿದುಕೊಳ್ಳೋಕೆ. ಚೂರನ್ನ ಕಡ್ಡಿ ತುದಿಗೆ ಅಂಟಿಸಿ, ತಿರುಗುವ ಸಾಣೆಗೆ ಹಿಡಿದು ಉಜ್ಜುತ್ತಾರೆ. ಎರಡೂ ತುದಿ ಚೂಪಾದರೆ ನೀಡಲ್‌ಪಾಯಿಂಟ್, ಒಂದು ತುದಿ ದುಂಡಗಿದ್ದರೆ ಪೆಟಿಟ್ ಪಾಯಿಂಟ್. ಒಂದು ಚೂರು ಕೊನೇ ಗಳಿಗೇಲಿ ಮುರಿದರೆ, ಅದೇ ಅಳತೆಯ, ಅದೇ ಬಣ್ಣದ ಇನ್ನೊಂದನ್ನ ಹುಡುಕಬೇಕು.

ಎಷ್ಟೋ ಮನೆಗಳಲ್ಲಿ ಗಂಡ ಬೆಳ್ಳಿಗೆ, ಹೆಂಡತಿ ಹರಳಿಗೆ. ಆದರೆ ಹಳೇ ಒಡವೆಗಳ ಮೇಲೆ ಹೆಚ್ಚಾಗಿ ಯಾರ ಗುರುತೂ ಇಲ್ಲ. ಹೆಸರು ಬರೆದಿಟ್ಟ ಕಡೆಯೂ ಬಹಳ ಸಲ ಗಂಡನದ್ದೊಂದೇ. ನನಗೆ ಇದು ಸಣ್ಣ ವಿಷಯ ಅನ್ನಿಸೋದಿಲ್ಲ.

ಈಗಿನ ಕಾಟ ಬೇರೆ. 1990ರ ಕಾನೂನಿನ ಪ್ರಕಾರ, ಮೂಲನಿವಾಸಿಗಳು ಮಾಡದ್ದನ್ನ 'ಇಂಡಿಯನ್' ಕೆಲಸ ಅಂತ ಮಾರಿದರೆ ಅಪರಾಧ (ಇಲ್ಲಿ ಇಂಡಿಯನ್ ಅಂದ್ರೆ ನಾವಲ್ಲ, ಕೊಲಂಬಸ್ ಕೃಪೆ). ಆದರೂ ಫಿಲಿಪ್ಪೀನ್ಸ್‌ನಲ್ಲಿ ಮಾಡಿಸಿದ ಒಡವೆ ನ್ಯೂ ಮೆಕ್ಸಿಕೋದ ಅಂಗಡಿಗಳಲ್ಲೇ ಮಾರಾಟವಾಗುತ್ತಿತ್ತು. 2015ರಲ್ಲಿ ದಾಳಿ ಆಯ್ತು, 2018ರಲ್ಲಿ ಒಬ್ಬ ವ್ಯಾಪಾರಿಗೆ 6 ತಿಂಗಳು ಜೈಲು. ಝೂನಿಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯೋದು ಈ ಕೆಲಸದಿಂದಲೇ. ನಕಲಿ ಬಳೆ ಅರ್ಧ ಬೆಲೆಗೆ ಸಿಕ್ಕರೆ ಅಸಲಿಯನ್ನ ಕೊಳ್ಳೋರು ಯಾರು?

ಆ ಕಡೆ ಹೋದಾಗ ಕೊಳ್ಳೋ ಮನಸ್ಸಾದರೆ, ಬೆಲೆಗಿಂತ ಮೊದಲು ಮಾಡಿದವರ ಹೆಸರು ಕೇಳಿ. ಬಳೆ ತಿರುಗಿಸಿ ಹಿಂಬದಿ ನೋಡೋದನ್ನೂ ಮರೀಬೇಡಿ.

ಮುಂದಿನ ಭಾಗ: ಇದೇ ಲಾನ್ಯಾಡೆ ಹೋಪಿಗಳ ಊರಿಗೆ ಹೋಗಿ ಕಲಿಸಿದ ಕಥೆ.